ರೂಟ್ ತೋರಿಸಿ, ರೌಟರ್ ಕೊಡಬೇಡಿ

ಪ್ರಶ್ನೆ: ಬದಿಯಡ್ಕ, ಪೆರ್ಲ ಸುತ್ತಮುತ್ತ ಸಣ್ಣ ಮಟ್ಟದಲ್ಲಿ ಇಂಟರ್ನೆಟ್ ಸೇವೆ ನಡೆಸುತ್ತಿದ್ದೇನೆ. ಮೊದಲು ಕೇಬಲ್ ಟಿವಿ ಇತ್ತು, ಈಗ ಫೈಬರ್. ಸ್ವಂತ ಎಎಸ್ ನಂಬರ್ (ಇಂಟರ್ನೆಟ್ಟಿನಲ್ಲಿ ನಮ್ಮ ಜಾಲದ ಗುರುತಿನ ಸಂಖ್ಯೆ) ಇದೆ, ಸ್ಲ್ಯಾಶ್ 23ರ, ಅಂದರೆ 512 ವಿಳಾಸಗಳ ಒಂದು ಐಪಿ ಬ್ಲಾಕ್ ಇದೆ. ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿ) ಎರಡು: ಒಂದು ಮಂಗಳೂರು ಕಡೆಯಿಂದ, ಇನ್ನೊಂದು ಕಣ್ಣೂರು ಕಡೆಯಿಂದ. ಹೊರಜಗತ್ತಿಗೆ ನಮ್ಮನ್ನು ಸೇರಿಸುವ ಬಾರ್ಡರ್ ರೌಟರ್ ಮೈಕ್ರೋಟಿಕ್ ಕಂಪನಿಯದ್ದು. ನಮ್ಮಿಂದ ಲೀಸ್ಡ್ ಲೈನ್ ತಗೊಂಡ ಒಂದು ಕಂಪನಿಗೆ ಮಂಗಳೂರಿನಲ್ಲಿರುವ ತಮ್ಮದೇ ಸರ್ವರ್ ಸಂಜೆ ಹೊತ್ತು ತುಂಬಾ ನಿಧಾನ. ಅವರ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ, 'ಅಣ್ಣ, ನಿಮ್ಮ ರೌಟರ್‌ಗೆ ಓದಲು ಮಾತ್ರ ಒಂದು ಲಾಗಿನ್ ಕೊಡಿ, ಬಿಜಿಪಿ ರೂಟ್ ನಾನೇ ನೋಡ್ತೇನೆ' ಎನ್ನುತ್ತಾನೆ. (ಬಿಜಿಪಿ ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ನೆಟ್‌ವರ್ಕ್‌ಗಳು ಒಂದಕ್ಕೊಂದು ಸಾರಿ ಹೇಳುವ ವ್ಯವಸ್ಥೆ.) ನಮ್ಮ ಟೆಕ್ನಿಷಿಯನ್, 'ರೀಡ್ ಗ್ರೂಪಿಗೆ ಹಾಕಿ ಕೊಟ್ಟರೆ ಏನೂ ಆಗುವುದಿಲ್ಲ' ಎನ್ನುತ್ತಾನೆ. ಪಾಲುದಾರರಾದ ನನ್ನ ಭಾವ, 'ರೂಟ್ ತೋರಿಸಿದರೆ ಹ್ಯಾಕರ್‌ಗಳನ್ನು ಕರೆದು ಕೂರಿಸಿದ ಹಾಗೆ' ಎಂದು ಪಟ್ಟು ಹಿಡಿದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಗಿರಾಕಿ ಕೇಳುತ್ತಿರುವುದು ನ್ಯಾಯವಾಗಿದೆ. ಆದರೆ ಕೇಳುತ್ತಿರುವುದು ನಿಮ್ಮ ಇಡೀ ಸೇವೆ ನಿಂತಿರುವ ಪೆಟ್ಟಿಗೆಯ ಒಳಗೆ ಬರಲು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೂಟ್ ತೋರಿಸಿ, ಧಾರಾಳವಾಗಿ ತೋರಿಸಿ. ಆದರೆ ಆ ಮೈಕ್ರೋಟಿಕ್‌ಗೆ ಹೊರಗಿನವರ ಲಾಗಿನ್ ಬೇಡ. ಭಾವ ಹೆದರಿರುವುದು ತಪ್ಪು ವಸ್ತುವಿಗೆ, ಟೆಕ್ನಿಷಿಯನ್ ನಂಬಿರುವುದು ತಪ್ಪು ಹೆಸರನ್ನು.

ಭಾವನ ಮಾತನ್ನೇ ಮೊದಲು ತಗೊಳ್ಳೋಣ. ನಿಮ್ಮ ಸ್ಲ್ಯಾಶ್ 23 ಯಾವ ಎಎಸ್‌ನಿಂದ ಹೊರಡುತ್ತದೆ, ಯಾವ ಅಪ್‌ಸ್ಟ್ರೀಮ್ ಮೂಲಕ ಹೋಗುತ್ತದೆ ಅನ್ನುವುದು ಈಗಾಗಲೇ ಲೋಕಕ್ಕೆಲ್ಲ ಗೊತ್ತು. ಗೊತ್ತಾಗದಿದ್ದರೆ ನಿಮ್ಮ ಗಿರಾಕಿಗಳಿಗೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ 'ರೂಟ್ ವ್ಯೂಸ್' ಎಂಬ ಯೋಜನೆ ಇದೆ. ಜಗತ್ತಿನ ಬೇರೆ ಬೇರೆ ನೆಟ್‌ವರ್ಕ್‌ಗಳಿಂದ ಬಿಜಿಪಿ ರೂಟ್‌ಗಳನ್ನು ಕಲೆಹಾಕಿ, ಯಾರು ಬೇಕಾದರೂ ಒಳಗೆ ಬಂದು ಕಮಾಂಡ್ ಹೊಡೆದು ನೋಡುವ ಹಾಗೆ ಇಟ್ಟಿದ್ದಾರೆ. ಯುರೋಪಿನ ರೈಪ್ ಸಂಸ್ಥೆಯ 'ಆರ್‌ಐಎಸ್' ಕೂಡ ಇದೇ ಕೆಲಸ ಮಾಡುತ್ತದೆ. ಹರಿಕೇನ್ ಎಲೆಕ್ಟ್ರಿಕ್‌ನಂಥ ದೊಡ್ಡ ಕಂಪನಿಗಳು ತಮ್ಮ ರೂಟ್‌ಗಳನ್ನು ಹೊರಗಿನವರು ನೋಡಲೆಂದು 'ಲುಕಿಂಗ್ ಗ್ಲಾಸ್' ಪುಟಗಳನ್ನೇ ಇಟ್ಟಿವೆ. ರೂಟ್ ಅಂದರೆ ಬಸ್ಸಿನ ಬೋರ್ಡು ಇದ್ದ ಹಾಗೆ. ಜನ ಓದಲಿ ಅಂತಲೇ ಬರೆಯುವುದು.

ಇಂಟರ್ನೆಟ್ ರೂಟಿಂಗ್‌ನಲ್ಲಿ ದೊಡ್ಡ ಅನಾಹುತ ಆಗಿರುವುದು ನೋಡಿದ್ದರಿಂದ ಅಲ್ಲ, ತಪ್ಪಾಗಿ ಸಾರಿದ್ದರಿಂದ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ, ಯೂಟ್ಯೂಬಿನ ಸ್ಲ್ಯಾಶ್ 22 ಬ್ಲಾಕ್‌ನ ಒಳಗಿನ ಒಂದು ಸ್ಲ್ಯಾಶ್ 24 ಅನ್ನು ತನ್ನದೆಂಬಂತೆ ಸಾರಿತು. ಅದರ ಅಪ್‌ಸ್ಟ್ರೀಮ್ ಅದನ್ನು ತಡೆಯಲಿಲ್ಲ. ಬಿಜಿಪಿ ಯಾವಾಗಲೂ ಹೆಚ್ಚು ನಿಖರವಾದ ಚಿಕ್ಕ ಬ್ಲಾಕನ್ನೇ ನಂಬುವುದರಿಂದ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸುಮಾರು ಎರಡು ಗಂಟೆ ಸಿಗಲಿಲ್ಲ. ಎಲ್ಲಿಂದ ಏನು ಬರುತ್ತಿದೆ ಎಂದು ಬೇರೆ ಬೇರೆ ಊರುಗಳಿಂದ ರೂಟ್ ನೋಡಲು ಸಾಧ್ಯವಿದ್ದ ಕಾರಣಕ್ಕೇ ಇಂಥದ್ದು ಪತ್ತೆಯಾಗುತ್ತದೆ. ಭಾವನಿಗೆ ನಿಜವಾಗಿ ಚಿಂತೆ ಇದ್ದರೆ ಐಪಿ ಕೊಟ್ಟ ರಿಜಿಸ್ಟ್ರಿಯ ಪೋರ್ಟಲ್‌ನಲ್ಲಿ ನಿಮ್ಮ ಬ್ಲಾಕ್‌ಗೆ ಆರ್‌ಒಎ ಮಾಡಿಸಲಿ. ಈ ಬ್ಲಾಕ್ ಸಾರುವ ಹಕ್ಕು ಈ ಎಎಸ್‌ಗೆ ಮಾತ್ರ ಅನ್ನುವ ಸಹಿ ಹಾಕಿದ ದಾಖಲೆ ಅದು. ರಕ್ಷಣೆ ಸಿಗುವುದು ಅದರಿಂದ, ಮುಚ್ಚಿಡುವುದರಿಂದ ಅಲ್ಲ.

ಈಗ ಟೆಕ್ನಿಷಿಯನ್ ಮಾತು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ನಮ್ಮ ಕಡೆಯ ಸಣ್ಣ ನೆಟ್‌ವರ್ಕ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಅಪಾಯ ಇದೇ.

ಮೈಕ್ರೋಟಿಕ್‌ನಲ್ಲಿ ಮೊದಲಿನಿಂದಲೇ ಬರುವ 'ರೀಡ್' ಗ್ರೂಪ್‌ನ ಪಾಲಿಸಿಗಳನ್ನು, ಅಂದರೆ ಅನುಮತಿಗಳನ್ನು ಒಮ್ಮೆ ತೆರೆದು ಓದಿ. ಅದರಲ್ಲಿ 'ರೀಬೂಟ್' ಇದೆ. ಹೌದು, ಓದಲು ಮಾತ್ರ ಅಂದುಕೊಂಡು ಕೊಟ್ಟ ಲಾಗಿನ್‌ನಿಂದ ನಿಮ್ಮ ಬಾರ್ಡರ್ ರೌಟರ್ ರೀಬೂಟ್ ಮಾಡಬಹುದು. 'ಟೆಸ್ಟ್' ಇದೆ: ಪಿಂಗ್, ಟ್ರೇಸ್‌ರೂಟ್ (ಪ್ಯಾಕೆಟ್ ಸಾಗುವ ದಾರಿಯನ್ನು ಹಂತ ಹಂತವಾಗಿ ತೋರಿಸುವ ಸಾಧನ) ಜೊತೆಗೆ ಬ್ಯಾಂಡ್‌ವಿಡ್ತ್ ಟೆಸ್ಟ್ ಕೂಡ ಅದರೊಳಗೇ ಬರುತ್ತದೆ, ಸಂಜೆ ಹೊತ್ತಿಗೆ ಅದನ್ನು ಓಡಿಸಿದರೆ ನಿಮ್ಮ ಲಿಂಕ್ ತುಂಬಿಹೋಗುತ್ತದೆ. 'ಸ್ನಿಫ್' ಇದೆ: ಹಾದುಹೋಗುವ ಪ್ಯಾಕೆಟ್ ಹಿಡಿದು ನೋಡಬಹುದು. 'ಸೆನ್ಸಿಟಿವ್' ಇದೆ: ಪಾಸ್‌ವರ್ಡ್‌ಗಳಂಥ ಗುಟ್ಟಿನ ವಿವರಗಳನ್ನು ನೋಡುವ ಅನುಮತಿ ಅದು. ನಿಮ್ಮ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗುವ) ಗಿರಾಕಿಗಳ ಹೆಸರು, ಪಾಸ್‌ವರ್ಡ್ ಅದೇ ರೌಟರ್‌ನಲ್ಲಿ ಇದ್ದರೆ ಅವು ಹೊರಗಿನವರ ಕೈಗೆ ಹೋದವು ಅಂತಲೇ ಲೆಕ್ಕ.

ಈ ನಾಲ್ಕನ್ನೂ ತೆಗೆದು ಬರೀ 'ಎಸ್‌ಎಸ್‌ಎಚ್' (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮತ್ತು 'ರೀಡ್' ಇರುವ ಹೊಸ ಗ್ರೂಪ್ ಮಾಡಬಹುದು ಎಂದು ನಿಮ್ಮ ಟೆಕ್ನಿಷಿಯನ್ ಹೇಳಬಹುದು. ಮಾಡಬಹುದು, ಅಪಾಯ ಕಡಿಮೆಯೂ ಆಗುತ್ತದೆ. ಆದರೆ ಮೈಕ್ರೋಟಿಕ್‌ನಲ್ಲಿ 'ಬಿಜಿಪಿ ರೂಟ್ ಮಾತ್ರ ನೋಡು, ಉಳಿದದ್ದು ಬೇಡ' ಎಂದು ಒಂದೊಂದು ಕಮಾಂಡ್ ಮಟ್ಟದಲ್ಲಿ ಕಟ್ಟುವ ವ್ಯವಸ್ಥೆ ಇಲ್ಲ. ಓದಲು ಬಿಟ್ಟರೆ ಫೈರ್‌ವಾಲ್ ನಿಯಮ, ಯಾವ ಗಿರಾಕಿ ಈಗ ಆನ್‌ಲೈನ್ ಇದ್ದಾನೆ, ಅವನ ಐಪಿ ಯಾವುದು, ಲಾಗ್‌ನಲ್ಲಿ ಏನಿದೆ, ಎಲ್ಲವೂ ಕಾಣುತ್ತದೆ. ನಿಮ್ಮ ಊರಿನ ಒಬ್ಬ ಮೇಷ್ಟ್ರ ಮನೆಯ ಕನೆಕ್ಷನ್ ಯಾವಾಗ ಆನ್ ಆಯಿತು, ಯಾವಾಗ ಆಫ್ ಆಯಿತು ಅನ್ನುವುದು ಇನ್ನೊಂದು ಕಂಪನಿಯ ಹುಡುಗನಿಗೆ ಕಾಣಬೇಕಾದ ವಿಷಯವೇ ಅಲ್ಲ. ಜನ ನಿಮ್ಮನ್ನು ನಂಬಿ ಲೈನ್ ತಗೊಂಡಿದ್ದಾರೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಓದುವುದರಿಂದ ಏನೂ ಕೆಡುವುದಿಲ್ಲ ಅನ್ನುವ ನಂಬಿಕೆ ಬೇರೆ ಕಡೆಯೂ ಸುಳ್ಳಾಗಿದೆ. 2007ರಲ್ಲಿ ಸಿಸ್ಕೋ ರೌಟರ್‌ಗಳಲ್ಲಿ ಒಂದು ದೋಷ ಹೊರಬಂತು. ಬಿಜಿಪಿ ರೂಟ್ ಹುಡುಕಲು ಬಳಸುವ 'ಶೋ' ಕಮಾಂಡ್‌ಗೆ ಒಂದು ಬಗೆಯ ಸಿಕ್ಕು ಸಿಕ್ಕಾದ ಹುಡುಕುವ ನಮೂನೆ ಕೊಟ್ಟರೆ ರೌಟರೇ ಮರುಚಾಲೂ ಆಗುತ್ತಿತ್ತು. ಬರೀ ನೋಡುವ ಕಮಾಂಡ್, ಕೆಳದರ್ಜೆಯ ಲಾಗಿನ್, ಅಷ್ಟು ಸಾಕಾಗಿತ್ತು. 2018ರಲ್ಲಿ ಮೈಕ್ರೋಟಿಕ್ ನಿರ್ವಹಿಸಲು ಬಳಸುವ ವಿನ್‌ಬಾಕ್ಸ್‌ನಲ್ಲಿ ಸಿಕ್ಕ ದೋಷ ಇನ್ನೂ ಕೆಟ್ಟದ್ದು. ಲಾಗಿನ್ ಇಲ್ಲದೆಯೇ ರೌಟರ್‌ನ ಫೈಲ್ ಓದಲು ಬರುತ್ತಿತ್ತು. ಹಾಗೆ ಓದಿದ ಫೈಲ್‌ನಲ್ಲಿ ಬಳಕೆದಾರರ ಪಾಸ್‌ವರ್ಡ್ ಇತ್ತು. ಆಮೇಲೆ ಇಡೀ ರೌಟರ್ ಕೈಗೆ ಬಂದ ಹಾಗೇ. ಆ ವರ್ಷ ಏಪ್ರಿಲ್‌ನಲ್ಲೇ ಸರಿಪಡಿಸಿದ ಆವೃತ್ತಿ ಬಂದರೂ, ಅಪ್‌ಡೇಟ್ ಮಾಡದ ಲಕ್ಷಾಂತರ ರೌಟರ್‌ಗಳು ಬಲಿಯಾದವು. ನಿಮ್ಮ ವಿನ್‌ಬಾಕ್ಸ್‌ನ 8291 ಪೋರ್ಟ್ ಇವತ್ತಿಗೂ ಹೊರಜಗತ್ತಿಗೆ ತೆರೆದಿದ್ದರೆ ಈ ಪತ್ರ ಓದಿ ಮುಗಿಸುವ ಮೊದಲು ಹೋಗಿ ಮುಚ್ಚಿ.

ಸಿಸ್ಕೋ, ಜೂನಿಪರ್ ರೌಟರ್ ಇರುವವರಿಗೂ ಒಂದು ಮಾತು. ಇದನ್ನು ಓದುವವರಲ್ಲಿ ಅಂಥವರೂ ಇರಬಹುದು. ಸಿಸ್ಕೋದಲ್ಲಿ 'ಪಾರ್ಸರ್ ವ್ಯೂ' ಎಂಬುದರಿಂದ ಇಂತಿಷ್ಟೇ ಕಮಾಂಡ್ ಕಾಣುವ ಹಾಗೆ ಮಾಡಬಹುದು. ಜೂನಿಪರ್‌ನಲ್ಲಿ ಲಾಗಿನ್ ಕ್ಲಾಸ್ ಮಾಡಿ ಬೇಕಾದ ಕಮಾಂಡ್ ಮಾತ್ರ ಬಿಡಬಹುದು. ಇವು ಮೈಕ್ರೋಟಿಕ್‌ಗಿಂತ ಬಿಗಿ. ಆದರೂ ಸಿಸ್ಕೋದ ಸಾಮಾನ್ಯ ಒಂದನೇ ಮಟ್ಟದ ಲಾಗಿನ್ ಸುರಕ್ಷಿತ ಅಂದುಕೊಳ್ಳಬೇಡಿ. ಅಲ್ಲಿಂದ ಬೇರೆ ಯಂತ್ರಗಳಿಗೆ ಟೆಲ್‌ನೆಟ್ (ದೂರದಿಂದ ಲಾಗಿನ್) ಮಾಡಬಹುದು. ನಿಮ್ಮ ಸ್ವಿಚ್, ಓಎಲ್‌ಟಿ (ಮನೆಮನೆಯ ಫೈಬರ್ ಬಂದು ಸೇರುವ ಪೆಟ್ಟಿಗೆ) ಎಲ್ಲ ರೌಟರ್‌ನಿಂದ ಬರುವವರನ್ನು ನಂಬುತ್ತವೆ ಅಲ್ವಾ? ಇನ್ನು, ಒಂದೇ ಹೊತ್ತಿಗೆ ಒಳಗೆ ಕೂರಬಹುದಾದವರ ಸಂಖ್ಯೆಗೂ ಮಿತಿ ಇದೆ, ಹಳೆಯ ಸಿಸ್ಕೋಗಳಲ್ಲಿ ಸಾಮಾನ್ಯವಾಗಿ ಐದು. ಹೊರಗಿನವರು ಲಾಗಿನ್ ಮಾಡಿ ಹಾಗೇ ಬಿಟ್ಟು ಹೋದರೆ, ಹೈವೇ ಕೆಲಸದ ಜೆಸಿಬಿ ಫೈಬರ್ ಕಿತ್ತ ಹೊತ್ತಿಗೆ ನಿಮಗೇ ಒಳಗೆ ಹೋಗಲು ಜಾಗ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಆ ಹುಡುಗನ ನಿಜವಾದ ಪ್ರಶ್ನೆ ಏನು ನೋಡಿ. ಅವನಿಗೆ ಬೇಕಿರುವುದು ಮಂಗಳೂರಿನ ಒಂದು ಸರ್ವರ್‌ಗೆ ಹೋಗುವ ದಾರಿ. ಬದಿಯಡ್ಕದಿಂದ ಮಂಗಳೂರು ಬಸ್ಸಲ್ಲಿ ಹತ್ತಿರ. ಆದರೆ ಪ್ಯಾಕೆಟ್‌ಗೆ ಕಿಲೋಮೀಟರ್ ಗೊತ್ತಿಲ್ಲ. ನಿಮ್ಮ ಅಪ್‌ಸ್ಟ್ರೀಮೂ ಆ ಸರ್ವರ್ ಇರುವ ನೆಟ್‌ವರ್ಕೂ ಎಲ್ಲಿ ಪರಸ್ಪರ ಸೇರುತ್ತವೋ ಅಲ್ಲಿಗೆ ಹೋಗಿಯೇ ಬರಬೇಕು. ಅದು ಚೆನ್ನೈ ಆಗಿರಬಹುದು, ಮುಂಬೈ ಆಗಿರಬಹುದು. ಬಿಜಿಪಿ ದಾರಿ ಆರಿಸುವುದು ನೀವು ಕೊಟ್ಟ ಆದ್ಯತೆ, ನಡುವೆ ಎಷ್ಟು ಎಎಸ್ ಇವೆ ಅನ್ನುವಂಥ ಲೆಕ್ಕದ ಮೇಲೆ. ಸಂಜೆ ಏಳಕ್ಕೆ ಯಾವ ಲಿಂಕ್ ತುಂಬಿದೆ ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ನಿಮ್ಮ ರೌಟರ್ ನೋಡಿದರೆ ಕಾಣುವುದು ಹೋಗುವ ದಾರಿ ಮಾತ್ರ. ವಾಪಸ್ ಬರುವ ದಾರಿಯನ್ನು ನಿರ್ಧರಿಸುವುದು ಆ ಕಡೆಯ ನೆಟ್‌ವರ್ಕ್. ಹೋಗುವುದು ಮಂಗಳೂರು ಕಡೆಯ ಅಪ್‌ಸ್ಟ್ರೀಮ್‌ನಲ್ಲಿ, ಬರುವುದು ಕಣ್ಣೂರು ಕಡೆಯಿಂದ, ಹೀಗೂ ಆಗುತ್ತದೆ. ತೊಂದರೆ ವಾಪಸ್ ದಾರಿಯಲ್ಲಿದ್ದರೆ ನಿಮ್ಮ ರೌಟರ್‌ನ ಪೂರ್ತಿ ಅಧಿಕಾರ ಕೊಟ್ಟರೂ ಆ ಹುಡುಗನಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಆಚೆ ಕಡೆಯವರ ಲುಕಿಂಗ್ ಗ್ಲಾಸ್ ಬೇಕು, ಇಲ್ಲವೇ ರೂಟ್ ವ್ಯೂಸ್‌ನಂಥ ಕಡೆ ನಿಮ್ಮ ಸ್ಲ್ಯಾಶ್ 23 ಹೇಗೆ ಕಾಣುತ್ತದೆ ಎಂದು ನೋಡಬೇಕು. ಎರಡೂ ಅವನು ಇವತ್ತೇ ಮಾಡಬಹುದು, ನಿಮ್ಮ ಅನುಮತಿಯೂ ಬೇಡ.

ಒಂದೇ ಸಲದ ಪ್ರಶ್ನೆಯಾದರೆ, ಅವನು ಹೇಳಿದ ಐಪಿಗೆ ನೀವೇ ರೂಟ್ ನೋಡಿ, ಟ್ರೇಸ್‌ರೂಟ್ ತೆಗೆದು, ಉತ್ತರವನ್ನು ವಾಟ್ಸಾಪ್ ಮಾಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ದೊಡ್ಡ ಕಂಪನಿಗಳಲ್ಲೂ ಹಾಗೇ ಮಾಡುತ್ತಾರೆ.

ಆದರೆ ಇಂಥ ಕೇಳಿಕೆ ಮತ್ತೆ ಮತ್ತೆ ಬರುತ್ತದೆ ಎಂದಾದರೆ, ಬೇರೆ ಯಂತ್ರ ಒಂದನ್ನು ಇಡಿ. ನಾನು ಮನಃಪೂರ್ವಕವಾಗಿ ಹೇಳುವ ದಾರಿ ಇದು. ಹಳೆಯ ಒಂದು ಪಿಸಿ ಅಥವಾ ಈಗಿರುವ ಸರ್ವರ್‌ನಲ್ಲೇ ಒಂದು ವರ್ಚುವಲ್ ಮೆಷಿನ್, ಅದರಲ್ಲಿ ಲಿನಕ್ಸ್, ಅದರ ಮೇಲೆ 'ಬರ್ಡ್' ಎಂಬ ಉಚಿತ ರೂಟಿಂಗ್ ತಂತ್ರಾಂಶ. ಜೆಕ್ ದೇಶದ ಸಿಝಡ್ ನಿಕ್ ಸಂಸ್ಥೆಯವರು ಬೆಳೆಸುತ್ತಿರುವುದು, ದೊಡ್ಡ ದೊಡ್ಡ ಇಂಟರ್ನೆಟ್ ಎಕ್ಸ್‌ಚೇಂಜ್‌ಗಳಲ್ಲೇ ಓಡುತ್ತಿದೆ. ಜಗತ್ತಿನ ಪೂರ್ತಿ ಐಪಿವಿ4 ರೂಟ್ ಪಟ್ಟಿ ಈಗ ಹತ್ತು ಲಕ್ಷದ ಆಸುಪಾಸು. ಎರಡು ಅಪ್‌ಸ್ಟ್ರೀಮ್‌ನ ಪಟ್ಟಿ ಹಿಡಿದಿಡಲು 4 ಜಿಬಿ ಮೆಮೊರಿ ಧಾರಾಳ ಸಾಕು.

ಮೈಕ್ರೋಟಿಕ್ ಮತ್ತು ಈ ಯಂತ್ರದ ನಡುವೆ ಒಂದು ಒಳಗಿನ ಬಿಜಿಪಿ ಸೆಷನ್ ಮಾಡಿ. ರೌಟರ್ ತನ್ನ ರೂಟ್‌ಗಳನ್ನು ಯಂತ್ರಕ್ಕೆ ಕೊಡಲಿ. ಯಂತ್ರ ರೌಟರ್‌ಗೆ ಏನನ್ನೂ ಕೊಡಬಾರದು. ಇದನ್ನು ಎರಡೂ ಕಡೆ ಕಟ್ಟಿ: ಬರ್ಡ್‌ನಲ್ಲಿ 'ಎಕ್ಸ್‌ಪೋರ್ಟ್ ನನ್', ಮೈಕ್ರೋಟಿಕ್‌ನಲ್ಲಿ ಆ ಸೆಷನ್‌ನಿಂದ ಬಂದದ್ದೆಲ್ಲ ತಿರಸ್ಕಾರ. ಒಂದು ಕಡೆ ಯಾರಾದರೂ ತಪ್ಪು ಮಾಡಿದರೂ ಇನ್ನೊಂದು ಕಡೆ ತಡೆಯುತ್ತದೆ. ನಿಮ್ಮ ಒಳಗಿನ ಸ್ಟ್ಯಾಟಿಕ್ ರೂಟ್, ಗಿರಾಕಿಗಳ ಪಿಪಿಪಿಒಇ ರೂಟ್ ಇವನ್ನು ಆ ಸೆಷನ್‌ಗೆ ಸೇರಿಸಬೇಡಿ. ಬಿಜಿಪಿಯಿಂದ ಬಂದದ್ದು ಮಾತ್ರ ಸಾಕು.

ಒಂದು ಕೊರತೆ ಇದೆ, ಮೊದಲೇ ತಿಳಿದಿರಿ. ರೌಟರ್ ಸಾಮಾನ್ಯವಾಗಿ ತಾನು ಆರಿಸಿದ ಒಂದೇ ದಾರಿಯನ್ನು ಮುಂದೆ ಹೇಳುತ್ತದೆ, ಎರಡನೇ ಅಪ್‌ಸ್ಟ್ರೀಮ್‌ನ ದಾರಿ ಯಂತ್ರದಲ್ಲಿ ಕಾಣುವುದಿಲ್ಲ. ಎರಡೂ ಬೇಕಾದರೆ 'ಆಡ್ ಪಾತ್' ಎಂಬ ಸೌಲಭ್ಯ ಬೇಕು, ನಿಮ್ಮ ರೌಟರ್‌ನ ಆವೃತ್ತಿಯಲ್ಲಿ ಅದು ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ಅಪ್‌ಸ್ಟ್ರೀಮ್‌ನವರನ್ನು ಕೇಳಿ ಈ ಯಂತ್ರಕ್ಕೇ ನೇರವಾಗಿ ಇನ್ನೊಂದು ಸೆಷನ್ ಹಾಕಿಸಿ. ಇನ್ನೂ ಒಂದು: ಅಪ್‌ಸ್ಟ್ರೀಮ್‌ನಿಂದ ಬರೀ ಡೀಫಾಲ್ಟ್ ರೂಟ್ ('ಎಲ್ಲವನ್ನೂ ನನಗೇ ಕಳಿಸು' ಎನ್ನುವ ಒಂದೇ ದಾರಿ) ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ನಿಮ್ಮಲ್ಲಿ ತೋರಿಸಲು ಇರುವುದು ಒಂದೇ ಒಂದು ಸಾಲು. ಆ ಹುಡುಗ ಹುಡುಕುವ ಉತ್ತರ ಅಪ್‌ಸ್ಟ್ರೀಮ್ ಬಳಿ ಇದೆ. ಇಷ್ಟೆಲ್ಲ ಕಟ್ಟುವ ಮೊದಲು ಇದನ್ನು ನೋಡಿ.

ಈಗ ಆ ಯಂತ್ರಕ್ಕೆ ಲಾಗಿನ್. ಬರ್ಡ್‌ನ ಕಮಾಂಡ್ ಸಾಧನಕ್ಕೆ 'ಮೈನಸ್ ಆರ್' ಎಂಬ ನಿರ್ಬಂಧಿತ ರೂಪ ಇದೆ, ಅದರಲ್ಲಿ ನೋಡುವ ಕಮಾಂಡ್‌ಗಳು ಮಾತ್ರ ನಡೆಯುತ್ತವೆ. ಒಳ್ಳೆಯದು, ಆದರೆ ಅದೊಂದೇ ಸಾಲದು. ಬಂದವರಿಗೆ ಲಿನಕ್ಸ್‌ನ ಶೆಲ್ (ಬೇಕಾದ ಕಮಾಂಡ್ ಹೊಡೆಯುವ ಜಾಗ) ಸಿಗಲೇಬಾರದು. ಎಸ್‌ಎಸ್‌ಎಚ್‌ನಲ್ಲಿ ಒಂದು ಕೀಗೆ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಬೀಗದ ಕೈಗೆ) ಒಂದೇ ಕಮಾಂಡ್ ಎಂದು ಕಟ್ಟಿಹಾಕುವ ವ್ಯವಸ್ಥೆ ಇದೆ. ಕೀ ಬರೆಯುವ ಸಾಲಿನ ಆರಂಭದಲ್ಲೇ 'ಕಮಾಂಡ್' ಎಂದು ಹಾಕಿ ನಿಮ್ಮ ಸಣ್ಣ ಸ್ಕ್ರಿಪ್ಟ್‌ನ ಹೆಸರು ಕೊಡಿ. ಜೊತೆಗೆ ಅದೇ ಸಾಲಿನಲ್ಲಿ 'ರಿಸ್ಟ್ರಿಕ್ಟ್' ಎಂಬ ಪದ ಮರೆಯಬೇಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ಕಮಾಂಡ್ ಕಟ್ಟಿದರೂ ಪೋರ್ಟ್ ಫಾರ್ವರ್ಡಿಂಗ್ ತೆರೆದೇ ಇರುತ್ತದೆ. ಒಂದೂ ಕಮಾಂಡ್ ಓಡಿಸದೆ, ಆ ಯಂತ್ರದ ಮೂಲಕ ಸುರಂಗ ತೋಡಿ ನಿಮ್ಮ ಒಳಗಿನ ಯಂತ್ರಗಳನ್ನು ತಲುಪಬಹುದು. 'ರಿಸ್ಟ್ರಿಕ್ಟ್' ಹಾಕಿದರೆ ಆ ಬಾಗಿಲು ಮುಚ್ಚುತ್ತದೆ. 'ಫ್ರಮ್' ಎಂದು ಗಿರಾಕಿಯ ಆಫೀಸಿನ ಐಪಿಯನ್ನೂ ಸೇರಿಸಿದರೆ ಬೇರೆ ಕಡೆಯಿಂದ ಕೀ ಕೆಲಸ ಮಾಡುವುದಿಲ್ಲ.

ಸ್ಕ್ರಿಪ್ಟ್ ತುಂಬಾ ದಡ್ಡನ ಹಾಗೆ ಇರಲಿ, ಜಾಣತನ ಬೇಡ. ಬಂದವರು ಕೊಡುವುದು ಒಂದು ಐಪಿ ಅಥವಾ ಒಂದು ಬ್ಲಾಕ್ ಮಾತ್ರ. ಅಂಕಿ, ಚುಕ್ಕಿ, ಕೋಲನ್, ಸ್ಲ್ಯಾಶ್ ಮತ್ತು ಐಪಿವಿ6ಗೆ ಬೇಕಾದ ಆರು ಅಕ್ಷರ ಬಿಟ್ಟು ಬೇರೆ ಏನಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಪೂರ್ತಿ ಪಟ್ಟಿ ಕೇಳುವ ಅವಕಾಶ ಬೇಡ. ಹತ್ತು ಲಕ್ಷ ಸಾಲು ಸುರಿದರೆ ಯಾರಿಗೂ ಪ್ರಯೋಜನ ಇಲ್ಲ. ಉತ್ತರವನ್ನು ಪುಟ ಪುಟವಾಗಿ ತೋರಿಸುವ 'ಲೆಸ್'ನಂಥ ಸಾಧನವೂ ಬೇಡ, ಅದರೊಳಗಿಂದಲೇ ಶೆಲ್‌ಗೆ ಜಿಗಿಯಲು ಬರುತ್ತದೆ. ಒಂದು ಪ್ರಶ್ನೆಗೆ ಹತ್ತು ಸೆಕೆಂಡ್ ಮಿತಿ ಹಾಕಿ.

ಈ ಯಂತ್ರ ಹಾಳಾಯಿತು ಅಂದುಕೊಳ್ಳಿ. ಯಾರೋ ಒಳಗೆ ನುಗ್ಗಿದರು ಅಂತಲೇ ಇಟ್ಟುಕೊಳ್ಳಿ. ಅದನ್ನು ಬೇರೆ ವಿಎಲ್‌ಎಎನ್‌ನಲ್ಲಿ (ಪ್ರತ್ಯೇಕಿಸಿದ ಒಳಜಾಲದಲ್ಲಿ) ಇಟ್ಟು, ಅಲ್ಲಿಂದ ಬಿಜಿಪಿಗೆ ಬೇಕಾದ ರೌಟರ್‌ನ 179ನೇ ಪೋರ್ಟ್ ಬಿಟ್ಟು ನಿಮ್ಮ ಒಳಗಿನ ಬೇರೆ ಯಾವುದಕ್ಕೂ ದಾರಿ ಇಲ್ಲದ ಹಾಗೆ ಫೈರ್‌ವಾಲ್ ಹಾಕಿದ್ದರೆ, ಅವರ ಕೈಗೆ ಸಿಗುವುದು ಲೋಕಕ್ಕೆ ಗೊತ್ತಿರುವ ರೂಟ್ ಪಟ್ಟಿ ಮತ್ತು ಒಂದು ಹಳೆ ಪಿಸಿ. ಮೈಕ್ರೋಟಿಕ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಈ ದಾರಿ ನನಗೆ ಇಷ್ಟವಾಗುವುದು ಇದಕ್ಕೇ.

ಕೆಲವರು ವೆಬ್ ಪುಟದ ಲುಕಿಂಗ್ ಗ್ಲಾಸ್ ಹಾಕುತ್ತಾರೆ, ಬಟನ್ ಒತ್ತಿದರೆ ಉತ್ತರ ಬರುವಂಥದ್ದು. ಸುಲಭ, ಚಂದ. ಆದರೆ ಪುಟದ ಹಿಂದೆ ರೌಟರ್‌ನ ಪಾಸ್‌ವರ್ಡ್ ಇಟ್ಟುಕೊಂಡ ಫೈಲ್ ಇರುತ್ತದೆ. ಬಹಳ ಕಡೆ ಆ ಫೈಲ್ ಬ್ರೌಸರ್‌ನಲ್ಲೇ ತೆರೆಯುತ್ತಿತ್ತು ಎಂದು 2014ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ವೆಬ್ ಪುಟ ಬೇಕೇ ಬೇಕಾದರೆ ಅದು ಮಾತಾಡುವುದು ಬರ್ಡ್ ಯಂತ್ರದ ಜೊತೆ ಇರಲಿ, ರೌಟರ್ ಜೊತೆ ಅಲ್ಲ.

ನಿಮ್ಮ ಆದ್ಯತೆಯ ಅಂಕಿ ಕಂಡರೆ ಯಾವ ಅಪ್‌ಸ್ಟ್ರೀಮ್ ಮುಖ್ಯ, ಯಾವುದು ಬ್ಯಾಕಪ್ ಎಂದು ಗೊತ್ತಾಗುತ್ತದೆ ಎಂದು ಭಾವ ಹೇಳಬಹುದು. ನಿಜ. ಆದರೆ ಎರಡು ಟ್ರೇಸ್‌ರೂಟ್ ಹೊಡೆದರೆ ಆ ಗುಟ್ಟು ಯಾರಿಗಾದರೂ ತಿಳಿಯುತ್ತದೆ. ಹಣ ಕೊಡುವ ಗಿರಾಕಿಗೆ ಅದನ್ನು ತೋರಿಸುವುದು ನಂಬಿಕೆ ಬೆಳೆಸುತ್ತದೆ ಎಂದೇ ನನ್ನ ಅನುಭವ.

ಲಾಗಿನ್ ವಿಷಯದಲ್ಲಿ ಒಂದು ಶಿಸ್ತು ಬೇಕು. ಕಂಪನಿಯ ಹೆಸರಲ್ಲಿ ಒಂದು ಕೀ ಬೇಡ, ಆ ಹುಡುಗನ ಹೆಸರಲ್ಲೇ ಇರಲಿ. ಅವನು ಕೆಲಸ ಬಿಟ್ಟರೆ ತಿಳಿಸಬೇಕು ಎಂದು ಒಂದು ಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಹೋದ ಒಂದು ಕಡೆ, ಊರು ಬಿಟ್ಟು ಗಲ್ಫ್‌ಗೆ ಹೋದ ಹಳೆಯ ಕೆಲಸಗಾರನ ರೀಡ್ ಲಾಗಿನ್ ಇನ್ನೂ ಜೀವಂತ ಇತ್ತು, ಪಾಸ್‌ವರ್ಡ್ ಇಡೀ ಆಫೀಸಿಗೆ ಗೊತ್ತಿತ್ತು. ಯಾರು ಯಾವಾಗ ಬಂದರು ಎಂಬ ಲಾಗ್ ಬೇರೆ ಯಂತ್ರದಲ್ಲಿ ಸೇರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಲೇಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಅದು ನಿಮಗೂ ಅನ್ವಯ.

ಸದ್ಯಕ್ಕೆ ಹೀಗೆ ಮಾಡಿ. ಇವತ್ತೇ ಆ ಹುಡುಗನಿಗೆ ಫೋನ್ ಮಾಡಿ, 'ರೌಟರ್ ಲಾಗಿನ್ ಕೊಡುವುದಿಲ್ಲ, ಆದರೆ ನಿನಗೆ ಬೇಕಾದ ರೂಟ್ ಎಲ್ಲ ಕೊಡುತ್ತೇನೆ' ಎಂದು ನೇರವಾಗಿ ಹೇಳಿ. ಸಂಜೆ ನಿಧಾನವಾದ ಹೊತ್ತಿಗೆ ನೀವು ಈ ಕಡೆಯಿಂದ ಸರ್ವರ್‌ಗೆ, ಅವನು ಸರ್ವರ್‌ನಿಂದ ನಿಮ್ಮ ಐಪಿಗೆ, ಇಬ್ಬರೂ ಒಂದೇ ಸಮಯದಲ್ಲಿ ಟ್ರೇಸ್‌ರೂಟ್ ತೆಗೆಯಿರಿ. ಬೆಳಿಗ್ಗೆ ಚೆನ್ನಾಗಿ ಓಡುವಾಗ ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಹೋಗುವ ದಾರಿಯೋ ಬರುವ ದಾರಿಯೋ, ದಾರಿ ಬದಲಾಗಿದೆಯೋ ಅದೇ ದಾರಿ ತುಂಬಿದೆಯೋ ಎಂಬುದರ ಅಂದಾಜು ಸಿಗುತ್ತದೆ. ಅಪ್‌ಸ್ಟ್ರೀಮ್‌ಗೆ ದೂರು ಕೊಡುವಾಗ ಆ ನಾಲ್ಕು ಟ್ರೇಸ್‌ರೂಟ್‌ಗಳನ್ನು ಸಮಯದ ಸಮೇತ ಲಗತ್ತಿಸಿ.